ಅನ್ಯಲೋಕದಲ್ಲೂ ಕಸ ಗುಡಿಸುವವರು ಯಾರು?

ವೈಜ್ಞಾನಿಕ ಕಾದಂಬರಿಗಳ ಬಗ್ಗೆ ಬರೆಯುತ್ತೇವೆ ಅಂದಾಗ ನಮ್ಮವರೇ ಕೆಲವರು ನಕ್ಕರು. 'ಹೊಟ್ಟೆಗೆ ಹಿಟ್ಟಿಲ್ಲ, ಮಂಗಳಗ್ರಹದ ಉಸಾಬರಿ ಯಾಕ್ರಪ್ಪಾ' ಅಂದರು. ಆ ಕಡೆಯಿಂದ, ಇಂಗ್ಲಿಷ್ ಪುಸ್ತಕಗಳ ನಡುವೆ ಬೆಳೆದ ಮಹನೀಯರು ಬೇರೆ ಬುದ್ಧಿ ಹೇಳಿದರು: 'ಅದು ಶುದ್ಧ ಕಲ್ಪನೆಯ ಲೋಕ. ಅಲ್ಲಿಗೂ ನಿಮ್ಮ ಮೇಲು ಕೀಳಿನ ಜಗಳ ಹೊತ್ತು ತರಬೇಡಿ.' ಇಬ್ಬರಿಗೂ ನಮ್ಮ ಉತ್ತರ ಒಂದೇ. ಆ ಜಗಳವನ್ನು ಅಲ್ಲಿಗೆ ಹೊತ್ತುಕೊಂಡು ಹೋದವರು ನಾವಲ್ಲ. ನಾವು ಪುಸ್ತಕ ತೆರೆಯುವ ಮೊದಲೇ ಅದು ಅಲ್ಲಿ ಕೂತಿತ್ತು.

ಯೋಚನೆ ಮಾಡಿ. ಒಬ್ಬ ಲೇಖಕ ತನಗಿಂತ ಸಾವಿರಾರು ವರ್ಷ ಮುಂದಿರುವ ಜೀವಿಗಳನ್ನು ಕಲ್ಪಿಸಿಕೊಳ್ಳುತ್ತಾನೆ. ಅವುಗಳ ಕೈಗೆ ತನಗೆ ತೋಚಿದ ಯಂತ್ರ ಕೊಡುತ್ತಾನೆ. ಅವನನ್ನು ತಡೆಯುವವರು ಯಾರೂ ಇಲ್ಲ. ನೆಲದ ಕಾನೂನು ಇಲ್ಲ, ಹಣದ ಲೆಕ್ಕ ಇಲ್ಲ. ಇಷ್ಟೆಲ್ಲ ಸ್ವಾತಂತ್ರ್ಯ ಇದ್ದೂ ಅವನು ಆ ಲೋಕದಲ್ಲಿ ಒಬ್ಬ ಒಡೆಯನನ್ನೂ ಒಬ್ಬ ಆಳನ್ನೂ ಇಟ್ಟೇ ಬರೆಯುತ್ತಾನೆ ಅಂದರೆ ಆ ಆಳು ಬಂದದ್ದು ಎಲ್ಲಿಂದ? ನಕ್ಷತ್ರದಿಂದಲ್ಲ. ಬರೆದವನ ಮನೆಯ ಹಿತ್ತಲಿನಿಂದ.

ಆದ್ದರಿಂದ ಹೆಸರುವಾಸಿಯಾದ ಕೆಲವು ಕಾದಂಬರಿಗಳನ್ನು ಮುಂದಿಟ್ಟುಕೊಂಡು ನಾವು ಮೂರೇ ಪ್ರಶ್ನೆ ಕೇಳುತ್ತೇವೆ. ಅನ್ಯಲೋಕದ ಆ ಯಂತ್ರಕ್ಕಾಗಿ ದುಡಿಯುವವರು ಯಾರು? ಅದರ ಗುಟ್ಟಿನ ಬೀಗದ ಕೈ ಯಾರ ಸೊಂಟದಲ್ಲಿದೆ? ಅದಕ್ಕಾಗಿ ಸಾಯುವವರು ಯಾರು? ಬೂಸಾ ಯಾವುದು, ಕಾಳು ಯಾವುದು ಅಂತ ತೂರಿ ನೋಡುವ ಅಭ್ಯಾಸ ನಮಗೆ 1973ರಿಂದಲೇ ಇದೆ.

ಮೊದಲು ಎಚ್.ಜಿ. ವೆಲ್ಸ್. ಆತನ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಪುಸ್ತಕವಾಗಿ ಬಂದದ್ದು 1898ರಲ್ಲಿ. ಲಂಡನ್ನಿನ ಹತ್ತಿರದ ಒಂದು ಬಯಲಿಗೆ ಮಂಗಳಗ್ರಹದಿಂದ ಲೋಹದ ಉರುಳೆ ಬಂದು ಬೀಳುತ್ತದೆ. ಬಿಳಿ ಬಾವುಟ ಹಿಡಿದು ಮಾತಾಡಲು ಹೋದವರನ್ನು ಶಾಖದ ಕಿರಣವೊಂದು ಕ್ಷಣದಲ್ಲಿ ಸುಟ್ಟು ಹಾಕುತ್ತದೆ. ಆಮೇಲೆ ಮೂರು ಕಾಲಿನ ಎತ್ತರದ ಯಂತ್ರಗಳು ಎದ್ದು ನಡೆಯುತ್ತವೆ. ವಿಷದ ಕಪ್ಪು ಹೊಗೆ ಬಿಡುತ್ತವೆ. ಸೂರ್ಯ ಮುಳುಗದ ಸಾಮ್ರಾಜ್ಯ ಅಂತ ಬೀಗುತ್ತಿದ್ದವರ ಫಿರಂಗಿ, ಪಡೆ ಎಲ್ಲ ಚಿಂದಿಯಾಗುತ್ತದೆ. ಲಂಡನ್ನಿನ ಜನ ಗಂಟುಮೂಟೆ ಕಟ್ಟಿಕೊಂಡು ಓಡುತ್ತಾರೆ.

ಈ ಯಂತ್ರ ಬಂದದ್ದು ಮಂಗಳದಿಂದ ಅಲ್ಲ ಸ್ವಾಮಿ. ಒಮ್ಮೆ ಒತ್ತಿ ಹಿಡಿದರೆ ತಾನೇ ಗುಂಡು ಸುರಿಸುತ್ತ ಹೋಗುವ ಮ್ಯಾಕ್ಸಿಮ್ ಬಂದೂಕು ತಯಾರಾದದ್ದು 1884ರಲ್ಲಿ. ವೆಲ್ಸನ ಪುಸ್ತಕ ಬಂದ ವರ್ಷವೇ, 1898ರ ಸೆಪ್ಟೆಂಬರ್ 2ರಂದು, ಸೂಡಾನಿನ ಒಮ್ದುರ್ಮಾನ್ ಬಯಲಿನಲ್ಲಿ ಬ್ರಿಟಿಷ್ ದಂಡನಾಯಕರ ಸೇನೆ ಅದನ್ನು ಫಿರಂಗಿಗಳ ಜೊತೆ ನಿಲ್ಲಿಸಿತು. ಒಂದೇ ದಿನದಲ್ಲಿ ಸೂಡಾನಿನವರು 10,000ಕ್ಕೂ ಹೆಚ್ಚು ಮಂದಿ ಸತ್ತರು. ಆ ಕಡೆ ಸತ್ತವರು 50ರ ಒಳಗೆ. ಈಟಿ ಹಿಡಿದು ಓಡಿ ಬಂದ ಆ ಜನರ ಕಣ್ಣಿಗೆ ಬ್ರಿಟಿಷರ ಸಾಲು ಹೇಗೆ ಕಂಡಿರಬೇಕು? ಮಂಗಳದವರ ಹಾಗೇ ಕಂಡಿರಬೇಕು. ಅನ್ಯಲೋಕದ ಯಂತ್ರ ಅನ್ನುವುದು ಲಂಡನ್ನಿನ ಓದುಗನಿಗೆ ಕಲ್ಪನೆ. ಸೂಡಾನಿನವನಿಗೆ ಅದು ಆ ವರ್ಷದ ಸುದ್ದಿ.

ವೆಲ್ಸನಿಗೆ ಇದು ಗೊತ್ತಿತ್ತು. ಹುಟ್ಟಿನಿಂದ ಆತ ದೊಡ್ಡ ಮನೆತನದವನಲ್ಲ. ತಾಯಿ ಶ್ರೀಮಂತರ ಬಂಗಲೆಯಲ್ಲಿ ಮನೆವಾರ್ತೆಯ ಕೆಲಸ ಮಾಡಿದವಳು. ತಾನೂ ಬಟ್ಟೆ ಅಂಗಡಿಯಲ್ಲಿ ದುಡಿದವನು. ಹಾಗಾಗಿಯೇ ಮೊದಲ ಅಧ್ಯಾಯದಲ್ಲೇ ತನ್ನವರ ಮುಖಕ್ಕೆ ಕನ್ನಡಿ ಹಿಡಿಯುತ್ತಾನೆ. ಮಂಗಳದವರನ್ನು ಕ್ರೂರಿಗಳೆಂದು ಬೈಯುವ ಮೊದಲು ನಾವು ಟಾಸ್ಮೇನಿಯಾದ ಜನರಿಗೆ ಮಾಡಿದ್ದೇನು ನೆನಪಿಸಿಕೊಳ್ಳೋಣ ಅನ್ನುತ್ತಾನೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಅದಕ್ಕೆ ನಮ್ಮ ಗೌರವ ಇದೆ.

ಆದರೆ ಅದೇ ವಾಕ್ಯದಲ್ಲಿ ಆತನ ಕಾಲು ಜಾರುತ್ತದೆ. ಟಾಸ್ಮೇನಿಯಾದವರು ಮನುಷ್ಯರ ಹೋಲಿಕೆ ಇದ್ದರೂ ನಾಶವಾದರು ಎಂಬ ಅರ್ಥ ಬರುವಂತೆ ಬರೆಯುತ್ತಾನೆ. ಹೋಲಿಕೆ ಯಾಕಯ್ಯಾ? ಅವರು ಮನುಷ್ಯರೇ! ಪರವಾಗಿ ಮಾತಾಡಲು ಎದ್ದು ನಿಂತವನ ಬಾಯಲ್ಲೂ 'ಮನುಷ್ಯರು' ಅನ್ನುವ ಮಾತು ಪೂರ್ತಿಯಾಗಿ ಹೊರಡಲಿಲ್ಲ. ಇನ್ನೊಂದು. ಅವರು ಪೂರ್ತಿ ನಿರ್ನಾಮವಾದರು ಅಂದದ್ದೂ ಸುಳ್ಳು. ಅವರ ಸಂತತಿಯವರು ಇವತ್ತೂ ಇದ್ದಾರೆ, ತಮ್ಮನ್ನು ಪಲಾವಾ ಎಂದು ಕರೆದುಕೊಳ್ಳುತ್ತಾರೆ, ನೆಲದ ಹಕ್ಕು ಕೇಳುತ್ತಾರೆ. ಬದುಕಿದ್ದವರನ್ನು ಸತ್ತವರ ಪಟ್ಟಿಗೆ ಸೇರಿಸಿ ಕಣ್ಣೀರು ಹಾಕುವುದು ಸುಲಭ. ಸತ್ತವರು ಜಮೀನು ಕೇಳುವುದಿಲ್ಲವಲ್ಲ!

ಕೊನೆಯಲ್ಲಿ ಮಂಗಳದವರನ್ನು ಕೊಲ್ಲುವುದು ಮನುಷ್ಯರ ಆಯುಧವಲ್ಲ, ನೆಲದ ರೋಗಾಣು. ಓದುವುದಕ್ಕೆ ನೆಮ್ಮದಿ ಕೊಡುವ ಮುಕ್ತಾಯ. ಚರಿತ್ರೆಯಲ್ಲಿ ಆದದ್ದು ಉಲ್ಟಾ. ಅಮೆರಿಕ ಖಂಡದಲ್ಲಿ ಸಿಡುಬು ದಾಳಿ ಮಾಡಿದವರ ಜೊತೆ ಹಡಗಿನಲ್ಲಿ ಬಂತು, ನೆಲದವರನ್ನೇ ತಿಂದಿತು. ಕಾದಂಬರಿಯಲ್ಲಿ ರೋಗಾಣು ಲಂಡನ್ನಿನ ಪರ ನಿಂತಿತು. ನಿಜದಲ್ಲಿ ಅದು ಯಾವತ್ತೂ ಬಡವರ ಪರ ನಿಂತಿಲ್ಲ.

ಅದೇ ಕಾದಂಬರಿಯಲ್ಲಿ ಒಬ್ಬ ಫಿರಂಗಿ ದಳದ ಸಿಪಾಯಿ ಬರುತ್ತಾನೆ. ಲಂಡನ್ನಿನ ಚರಂಡಿ ಸುರಂಗಗಳಲ್ಲಿ ಅಡಗಿದ್ದು, ಮಂಗಳದವರ ಯಂತ್ರ ಕಲಿತು, ಒಂದು ದಿನ ಅದರೊಳಗೆ ಮನುಷ್ಯರೇ ಕೂತು ಓಡಿಸುವ ಕನಸು ಕಾಣುತ್ತಾನೆ. ಭಲೇ ಅಂತ ನಾವು ಎದ್ದು ಕೂತೆವು. ಮುಂದೆ ಓದಿದರೆ ಅವನ ಹೊಸ ಲೋಕದಲ್ಲಿ ದುರ್ಬಲರಿಗೆ ಜಾಗವೇ ಇಲ್ಲ, ಅವರು ಸಾಯಬೇಕಂತೆ. ಯಂತ್ರ ಕೈ ಬದಲಾದ ಮಾತ್ರಕ್ಕೆ ಬಿಡುಗಡೆ ಬರುವುದಿಲ್ಲ ಅನ್ನುವ ಪಾಠವನ್ನು ವೆಲ್ಸ್ ತಿಳಿದೇ ಬರೆದಿದ್ದಾನೆ. ಕಾಳು ಇರುವುದು ಇಲ್ಲಿ.

ಇನ್ನು ಎಚ್.ಪಿ. ಲವ್‌ಕ್ರಾಫ್ಟ್. ಅಮೆರಿಕದವನು. ಕರಿಯರ ಬಗ್ಗೆ, ವಲಸೆ ಬಂದವರ ಬಗ್ಗೆ ಆತನ ಪತ್ರಗಳಲ್ಲಿ ಕಾರಿಕೊಂಡಿರುವ ವಿಷ ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಆತನ 'ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್' 1936ರಲ್ಲಿ ಒಂದು ಅಮೆರಿಕನ್ ಪತ್ರಿಕೆಯಲ್ಲಿ ಬಂತು. ಅಂಟಾರ್ಕ್ಟಿಕಾದ ಹಿಮದ ಬೆಟ್ಟಗಳ ಆಚೆ ಪ್ರೊಫೆಸರುಗಳ ತಂಡಕ್ಕೆ ಒಂದು ಹಳೇ ಕಲ್ಲಿನ ಮಹಾನಗರ ಸಿಗುತ್ತದೆ. ಮನುಷ್ಯರು ಹುಟ್ಟುವ ಕೋಟ್ಯಂತರ ವರ್ಷ ಮೊದಲು ನಕ್ಷತ್ರಗಳಿಂದ ಬಂದ ಪುರಾತನ ಜೀವಿಗಳ ನಗರ ಅದು. ಗೋಡೆಯ ಕೆತ್ತನೆ ನೋಡುತ್ತ ಪ್ರೊಫೆಸರು ಬೆರಗಾಗುತ್ತಾನೆ. ಏನು ಕಲೆ! ಏನು ವಿಜ್ಞಾನ!

ಆ ನಗರದ ಕಲ್ಲು ಹೊತ್ತವರು ಯಾರು? ಪುಸ್ತಕದಲ್ಲೇ ಇದೆ. ಆ ಪುರಾತನರ ಅತಿ ದೊಡ್ಡ ತಂತ್ರಜ್ಞಾನ ಲೋಹದ ಯಂತ್ರವಲ್ಲ. ಜೀವಕಣಗಳಿಂದ ಅವರು 'ಷೋಗತ್' ಎಂಬ ಜೀವವನ್ನು ಸೃಷ್ಟಿ ಮಾಡಿದರು. ಬೇಕಾದ ಆಕಾರಕ್ಕೆ ತಿರುಗುವ, ಎಷ್ಟು ಭಾರವನ್ನಾದರೂ ಎತ್ತುವ, ಒಡೆಯ ಮನಸ್ಸಿನಲ್ಲೇ ಅಪ್ಪಣೆ ಕೊಟ್ಟರೆ ಪಾಲಿಸುವ ಜೀವ. ಜೀತಕ್ಕೆಂದೇ ಹುಟ್ಟಿಸಿದ ಜೀವ! ಸಮುದ್ರದ ತಳದ ನಗರಗಳನ್ನು ಕಟ್ಟಿದ್ದು ಅವು. ಕಾಲ ಕಳೆದಂತೆ ಅವುಗಳಿಗೆ ತಮ್ಮದೇ ಬುದ್ಧಿ ಬಂತು. ದಂಗೆ ಎದ್ದವು. ಒಡೆಯರು ಯುದ್ಧ ಮಾಡಿ ಮತ್ತೆ ಬಗ್ಗಿಸಿದರು. ಕಟ್ಟಕಡೆಗೆ ಒಡೆಯರು ಹೋದರು, ಷೋಗತ್ ಉಳಿಯಿತು.

ಈಗ ಪ್ರೊಫೆಸರನ ನ್ಯಾಯ ನೋಡಿ. ಹಿಮದಿಂದ ಎದ್ದ ಪುರಾತನರು ಅವನ ಜೊತೆಗಾರರನ್ನೇ ಕೊಂದಿದ್ದಾರೆ. ಕೊಂದು, ಮನುಷ್ಯನ ದೇಹವನ್ನು ಕೊಯ್ದು ಪರೀಕ್ಷೆ ಮಾಡಿದ್ದಾರೆ. ಆದರೂ ಪ್ರೊಫೆಸರು ಅವರನ್ನು ಕ್ಷಮಿಸುತ್ತಾನೆ. ಪಾಪ, ಅವರೂ ನಮ್ಮಂತೆ ತಿಳಿದವರು, ವಿಜ್ಞಾನಿಗಳು, ಅವರೂ ಮನುಷ್ಯರೇ ಎಂಬಷ್ಟು ಕರಗುತ್ತಾನೆ. ಷೋಗತ್ ಕಂಡರೆ ಮಾತ್ರ ಅವನಿಗೆ ವಾಕರಿಕೆ. ಅದರ ನಾತ, ಅದರ ಕಪ್ಪು, ಅದರ ಅಂಟು. ಅದಕ್ಕೆ ಸ್ವಂತ ಮಾತಿಲ್ಲ, ಒಡೆಯರ ದನಿಯನ್ನೇ ಅಣಕಿಸುತ್ತದೆ ಅಂತ ತಿರಸ್ಕಾರ. ತಲೆಮಾರುಗಟ್ಟಲೆ ಒಡೆಯನ ಅಪ್ಪಣೆ ಬಿಟ್ಟು ಬೇರೆ ದನಿಯನ್ನೇ ಕೇಳಿಸದೆ ಇಟ್ಟು, ಆಮೇಲೆ 'ಇದಕ್ಕೆ ಸ್ವಂತ ಭಾಷೆ ಇಲ್ಲ' ಅಂತ ಮೂಗು ಮುಚ್ಚಿಕೊಳ್ಳುವವರನ್ನು ನಾವು ಅಂಟಾರ್ಕ್ಟಿಕಾಕ್ಕೆ ಹೋಗಿಯೇ ನೋಡಬೇಕಾಗಿಲ್ಲ.

ಟಾಸ್ಮೇನಿಯಾದ ಮನುಷ್ಯ ಬರೀ ಹೋಲಿಕೆ. ನಕ್ಷತ್ರದಿಂದ ಬಂದ ಒಡೆಯ ಮಾತ್ರ ಮನುಷ್ಯ! ಇದು ಇವರ ಲೆಕ್ಕ. ಸಾಹಿತ್ಯದ ಪಂಡಿತರು ಈ ಪುಸ್ತಕವನ್ನು ವಿಶ್ವದ ಭೀಕರತೆಯ ದರ್ಶನ ಅನ್ನುತ್ತಾರೆ. ನಮಗೆ ಕಂಡದ್ದು ಆಳು ತಿರುಗಿ ಬಿದ್ದಾನೆಂಬ ಒಡೆಯನ ರಾತ್ರಿಯ ಭಯ. ಅದನ್ನು ಅವನು ಅಷ್ಟು ಚೆನ್ನಾಗಿ ಬರೆದದ್ದೂ ಅದಕ್ಕೇ, ಅವನು ನಿಜವಾಗಿ ಹೆದರಿದ್ದ. ಗೆಳೆಯರೆ, ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಈ ಕತೆಯಲ್ಲಿ ನಾವು ಷೋಗತ್ ಕಡೆ.

ಮೂರನೆಯವನು ಆರ್ಥರ್ ಸಿ. ಕ್ಲಾರ್ಕ್. ಇಂಗ್ಲೆಂಡಿನಲ್ಲಿ ಹುಟ್ಟಿ, 1956ರಿಂದ ಸಾಯುವವರೆಗೂ ಶ್ರೀಲಂಕಾದಲ್ಲಿ ಇದ್ದವನು. ಲವ್‌ಕ್ರಾಫ್ಟನ ದ್ವೇಷ ಈತನಲ್ಲಿ ಇಲ್ಲ. ಸೌಮ್ಯ ಮನುಷ್ಯ. ಆದ್ದರಿಂದಲೇ ಈತನ ಜೊತೆ ಜಗಳ ಆಡಬೇಕಾಗಿದೆ. ಕಿರುಚುವ ಜಾತಿವಾದಿಯನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ನಗುನಗುತ್ತ ನಮ್ಮನ್ನು ಮರೆಯುವವನನ್ನು ಗುರುತಿಸುವುದು ಕಷ್ಟ.

ಆತನ 'ರಾಂಡೆವೂ ವಿತ್ ರಾಮ' ಬಂದದ್ದು 1973ರಲ್ಲಿ, ಇಲ್ಲಿ ಬೂಸಾ ಗಲಾಟೆ ಎದ್ದ ವರ್ಷವೇ. 2131ರಲ್ಲಿ ಸೂರ್ಯನ ಕಡೆಗೆ ಒಂದು ಭಾರಿ ಉರುಳೆ ಬರುತ್ತಿರುವುದು ಕಾಣುತ್ತದೆ. ಉದ್ದ ಸುಮಾರು 50 ಕಿಲೋಮೀಟರ್, ಅಡ್ಡ 20. ಗ್ರೀಕ್ ರೋಮನ್ ದೇವರುಗಳ ಹೆಸರೆಲ್ಲ ಖರ್ಚಾಗಿ, ಖಗೋಳ ವಿಜ್ಞಾನಿಗಳು ಹಿಂದೂ ದೇವರುಗಳ ಪಟ್ಟಿಗೆ ಕೈಹಾಕಿರುತ್ತಾರೆ. ಹಾಗಾಗಿ ಇದಕ್ಕೆ 'ರಾಮ' ಅಂತ ಹೆಸರು. ಒಳಗೆ ಸಮುದ್ರ ಇದೆ, ಮೆಟ್ಟಿಲುಗಳಿವೆ, ನಗರದಂಥ ಕಟ್ಟಡಗಳಿವೆ. ಮಾಡಿದವರು ಮಾತ್ರ ಎಲ್ಲೂ ಇಲ್ಲ. ಕಾದಂಬರಿ ಮುಗಿದರೂ ಅವರ ಮುಖ ಕಾಣುವುದಿಲ್ಲ.

ರಾಮನ ಹೆಸರು ಕೇಳಿದ ಕೂಡಲೇ ನಾವು ಶಂಬೂಕನನ್ನು ಹುಡುಕುತ್ತೇವೆ. ಅದು ನಮ್ಮ ಚಾಳಿ. ಹುಡುಕಿದೆವು, ಸಿಕ್ಕ. ಆ ನೌಕೆಯೊಳಗೆ ಬೆಳಕು ಹತ್ತಿದ ಮೇಲೆ 'ಬಯೊಟ್' ಎಂಬ ಜೀವಯಂತ್ರಗಳು ಹೊರಬರುತ್ತವೆ. ಏಡಿಯ ಹಾಗಿರುವುದು ಒಡೆದ ಬಿದ್ದ ವಸ್ತುಗಳನ್ನು ಕತ್ತರಿಸಿ ಎತ್ತಿ ಒಯ್ಯುತ್ತದೆ. ಜೇಡದ ಹಾಗಿರುವುದು ಸುತ್ತಾಡಿ ಎಲ್ಲ ನೋಡಿಕೊಳ್ಳುತ್ತದೆ. ನೌಕೆಗೆ ಹೋದ ವೈದ್ಯೆ ಅಂಥದ್ದೊಂದನ್ನು ಕೊಯ್ದು ನೋಡುತ್ತಾಳೆ. ಬಾಯಿ ಇಲ್ಲ, ಹೊಟ್ಟೆ ಇಲ್ಲ, ಒಳಗೆ ಬರೀ ವಿದ್ಯುತ್ತಿನ ದಾಸ್ತಾನು. ಕೆಲಸ ಮುಗಿದ ಮೇಲೆ ಅವು ತಾವಾಗಿಯೇ ಹೋಗಿ ಸಮುದ್ರಕ್ಕೆ ಬೀಳುತ್ತವೆ. ಬಾಯಿಲ್ಲದ, ಹೊಟ್ಟೆಯಿಲ್ಲದ, ಕೆಲಸ ಮುಗಿದ ಮೇಲೆ ತಾನೇ ಹೋಗಿ ಸಾಯುವ ಕೂಲಿ! ಭೂಮಿಯ ಮೇಲಿನ ಯಾವ ಜಮೀನ್ದಾರ, ಯಾವ ಗಿರಣಿ ಮಾಲೀಕ ಇಂಥ ಕನಸು ಕಂಡಿಲ್ಲ ಹೇಳಿ?

ಅನ್ಯಲೋಕದವರದ್ದು ಬಿಡಿ, ಮನುಷ್ಯರ ನೌಕೆಗೆ ಬನ್ನಿ. ಅದರ ಹೆಸರು 'ಎಂಡೆವರ್'. ಕ್ಯಾಪ್ಟನ್ ಕುಕ್‌ನ ಹಡಗಿನ ಹೆಸರು. ನೌಕೆಯ ಕಮಾಂಡರನಿಗೆ ಕುಕ್ ಅಂದರೆ ದೇವರು. 1770ರಲ್ಲಿ ಆ ಕುಕ್ ಆಸ್ಟ್ರೇಲಿಯಾದ ದಂಡೆಗೆ ಇಳಿದಾಗ ಎದುರು ನಿಂತ ಇಬ್ಬರು ನೆಲದ ಮಕ್ಕಳ ಕಡೆಗೆ ಬಂದೂಕು ಹಾರಿಸಿದ್ದನ್ನು ಕ್ಲಾರ್ಕ್ ಮುಂದೆ ತರುವುದಿಲ್ಲ. ಇನ್ನು ಆ ನೌಕೆಯಲ್ಲಿ ಪಾತ್ರೆ, ಅಡಿಗೆ, ಸಾಮಾನು ಹೊರುವುದು ಇವೆಲ್ಲ ಯಾರ ಕೆಲಸ? ಅದಕ್ಕೆಂದೇ ತಳಿ ಮಾಡಿದ ಚಿಂಪಾಂಜಿಗಳಿವೆ, 'ಸಿಂಪ್' ಅಂತ. ಒಂದೊಂದು ಎರಡೂ ಮುಕ್ಕಾಲು ಆಳಿನ ಕೆಲಸ ಮಾಡುತ್ತದಂತೆ. ಬೇಜಾರಿಲ್ಲ, ತಕರಾರಿಲ್ಲ. 22ನೇ ಶತಮಾನ, ಸ್ವಾಮಿ! ಗ್ರಹಗಳ ಮೇಲೆಲ್ಲ ಮನೆ ಕಟ್ಟಿದ್ದಾರೆ. ತಿಂದ ತಟ್ಟೆ ತಾನೇ ತೊಳೆಯುವ ಮನುಷ್ಯನನ್ನು ಕಲ್ಪಿಸಿಕೊಳ್ಳುವುದು ಮಾತ್ರ ಆಗಲಿಲ್ಲ. ನಕ್ಷತ್ರಕ್ಕೆ ಹೋಗುವುದು ಸುಲಭವಾಯಿತು, ಆಳಿಲ್ಲದ ಮನೆ ಕಷ್ಟವಾಯಿತು.

ಇದಕ್ಕಿಂತ ದೊಡ್ಡ ತಕರಾರು ನಮ್ಮದು ಕ್ಲಾರ್ಕನ '2001: ಎ ಸ್ಪೇಸ್ ಒಡಿಸ್ಸಿ' ಬಗ್ಗೆ. 1968ರದ್ದು. ಆಫ್ರಿಕಾದಲ್ಲಿ ಹಸಿವಿನಿಂದ ಸಾಯುತ್ತಿದ್ದ ವಾನರ ಮಾನವರ ಎದುರು ಅನ್ಯಲೋಕದವರು ಒಂದು ಚಪ್ಪಡಿ ನಿಲ್ಲಿಸುತ್ತಾರೆ. ಅದು ಅವರ ಮಿದುಳಿಗೆ ಕೈಹಾಕಿ ಪಾಠ ಹೇಳಿಕೊಡುತ್ತದೆ. ಆಗ ಅವರು ಕಲ್ಲು ಎತ್ತಿಕೊಳ್ಳುತ್ತಾರೆ. ಮೊದಲು ಹಂದಿ ಹೊಡೆಯುತ್ತಾರೆ, ಆಮೇಲೆ ಎದುರು ಗುಂಪಿನ ಯಜಮಾನನನ್ನೇ ಹೊಡೆದು ಕೊಲ್ಲುತ್ತಾರೆ. ಮನುಷ್ಯ ಮನುಷ್ಯನಾದದ್ದು ಹೀಗಂತೆ, ಮೇಲಿನವರ ಕೃಪೆಯಿಂದ.

ಕೃಪೆ! ಈ ಮಾತು ನಮಗೆ ಹೊಸದಲ್ಲ. ವಿದ್ಯೆ ಮೇಲಿನಿಂದ ಇಳಿಯುತ್ತದೆ, ಕೈಗಳು ಬರೀ ಪಡೆಯುತ್ತವೆ ಅನ್ನುವುದು ಪುರೋಹಿತನ ಮಾತು. ಕ್ಲಾರ್ಕ್ ದೇವರನ್ನು ನಂಬಿದವನಲ್ಲ. ಆದರೆ ದೇವರ ಪೀಠ ಖಾಲಿ ಮಾಡಿ ಅಲ್ಲೇ ಆ ಚಪ್ಪಡಿ ನಿಲ್ಲಿಸಿದ. ಕೀನ್ಯಾದ ಲೊಮೆಕ್ವಿಯಲ್ಲಿ ಸಿಕ್ಕ ಕಲ್ಲಿನ ಹತ್ಯಾರಗಳು ಸುಮಾರು 33 ಲಕ್ಷ ವರ್ಷ ಹಳೆಯವು ಎಂದು 2015ರಲ್ಲಿ ಪ್ರಕಟವಾಯಿತು. ನಮ್ಮ ಸುರಪುರದ ಸೀಮೆಯಲ್ಲೇ, ಹುಣಸಗಿ ಕಣಿವೆಯ ಇಸಾಂಪುರದಲ್ಲಿ, ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿದೆ. ಸುಮಾರು 12 ಲಕ್ಷ ವರ್ಷ ಹಳೆಯದೆಂದು ಲೆಕ್ಕ. ಅಲ್ಲಿ ಬಿದ್ದಿರುವ ಚಕ್ಕೆಗಳನ್ನು ನೋಡಿ. ಕೆಟ್ಟು ಹೋದ ಕಲ್ಲು, ಅರ್ಧಕ್ಕೆ ಬಿಟ್ಟ ಕಲ್ಲು, ಮುರಿದ ಕಲ್ಲು. ಕೃಪೆ ಇಳಿದ ಜಾಗದಲ್ಲಿ ಇಷ್ಟೊಂದು ಕೆಟ್ಟ ಕಲ್ಲು ಬಿದ್ದಿರುವುದಿಲ್ಲ. ಒಡೆದು ಒಡೆದು, ಬೆರಳು ಜಜ್ಜಿಕೊಂಡು, ಪಕ್ಕದವನಿಗೆ ತೋರಿಸಿ ಕಲಿತ ಜಾಗ ಅದು. ಚಪ್ಪಡಿಯ ಕತೆ ಈ ಕೈಗಳ ಸಂಪಾದನೆಯನ್ನು ಕದಿಯುತ್ತದೆ.

ಅದೇ 1968ರಲ್ಲಿ ಸ್ವಿಟ್ಜರ್ಲೆಂಡಿನ ಎರಿಕ್ ಫಾನ್ ಡೇನಿಕೆನ್ ತನ್ನ ಪುಸ್ತಕದಲ್ಲಿ ಕಾದಂಬರಿಯ ಮುಸುಕನ್ನೂ ತೆಗೆದುಹಾಕಿದ. ಹಳೇ ಕಾಲದ ಮಹಾ ಕಟ್ಟಡಗಳ ಹಿಂದೆ ಆಕಾಶದಿಂದ ಬಂದವರ ಕೈವಾಡ ಇದೆ ಅಂತ ವಾದ ಹೂಡಿದ. ಈಜಿಪ್ಟಿನ ಪಿರಮಿಡ್ಡನ್ನೂ ಬಿಡಲಿಲ್ಲ. ಗೀಜಾದಲ್ಲಿ ಅಗೆದಾಗ ಸಿಕ್ಕದ್ದು ಅನ್ಯಲೋಕದ ಯಂತ್ರವಲ್ಲ. ಕೆಲಸಗಾರರ ಊರು ಸಿಕ್ಕಿತು, ರೊಟ್ಟಿ ಸುಡುವ ಒಲೆಗಳು ಸಿಕ್ಕವು, ದುಡಿದವರ ಗೋರಿಗಳು ಸಿಕ್ಕವು. 2013ರಲ್ಲಿ ಕೆಂಪು ಸಮುದ್ರದ ದಂಡೆಯಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿಯೇ ಸಿಕ್ಕಿತು. ದೋಣಿಯಲ್ಲಿ ಕಲ್ಲು ಸಾಗಿಸಿದ ಲೆಕ್ಕ ಅದರಲ್ಲಿ ದಿನದಿನಕ್ಕೆ ಬರೆದಿದೆ. ಕಪ್ಪು ಕೈ, ಕಂದು ಕೈ ಕಟ್ಟಿತು ಅಂತ ಒಪ್ಪುವುದಕ್ಕಿಂತ ನಕ್ಷತ್ರದವರು ಬಂದು ಕಟ್ಟಿದರು ಅನ್ನುವುದೇ ಇವರಿಗೆ ಸುಲಭ!

ಕ್ಲಾರ್ಕನ ಹೆಸರಿನಲ್ಲಿ ಒಂದು ನಿಯಮ ಓಡಾಡುತ್ತದೆ. ತುಂಬಾ ಮುಂದುವರಿದ ತಂತ್ರಜ್ಞಾನ ನೋಡುವವರಿಗೆ ಮಾಟದ ಹಾಗೇ ಕಾಣುತ್ತದೆ ಅನ್ನುವುದು ಅದರ ತಾತ್ಪರ್ಯ. ಎಲ್ಲರೂ ತಲೆದೂಗುತ್ತಾರೆ. ನಾವು ದೂಗುವುದಿಲ್ಲ. ಯಾರಿಗೆ ಮಾಟ? ಮಾಡಿದವನಿಗೆ ಅದು ಮಾಟವಲ್ಲ, ದಿನದ ಕೆಲಸ. ಹೊರಗೆ ನಿಲ್ಲಿಸಿದವನಿಗೆ ಮಾತ್ರ ಮಾಟ. ಅವನು ದಡ್ಡನಾದ್ದರಿಂದ ಅಲ್ಲ, ಬಾಗಿಲು ಹಾಕಿದ್ದರಿಂದ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಲೋಹ, ಅರಗು ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ಬರೆದಿಟ್ಟಿತು. ಹಾಗೆ ಕಿವಿ ಮುಚ್ಚಿಸಿದ ಮೇಲೆ ಮಂತ್ರ ಮಂತ್ರವಾಗದೆ ಇನ್ನೇನಾದೀತು? ಬೀಗ ಹಾಕಿದ ವಿದ್ಯೆಗೆ ಮಾಟ ಅಂತ ಹೆಸರು. ಇದು ನಮ್ಮ ನಿಯಮ.

ಈ ಬೀಗವನ್ನು ಕಂಡು ಬರೆದವಳು ಒಬ್ಬಳಿದ್ದಾಳೆ. ಆಕ್ಟೇವಿಯಾ ಬಟ್ಲರ್, ಅಮೆರಿಕದ ಕರಿಯ ಹೆಣ್ಣುಮಗಳು. ತಾಯಿ ಬಿಳಿಯರ ಮನೆಗೆಲಸ ಮಾಡಿ ಸಾಕಿದ ಮಗಳು. ಆಕೆಯ 'ಡಾನ್' 1987ರಲ್ಲಿ ಬಂತು. ಅಣುಯುದ್ಧದಲ್ಲಿ ಭೂಮಿ ಹಾಳಾದ ಮೇಲೆ ಅನ್ಯಲೋಕದವರು ಉಳಿದ ಮನುಷ್ಯರನ್ನು ತಮ್ಮ ನೌಕೆಯಲ್ಲಿ ಕಾಪಾಡಿ ಇಟ್ಟಿದ್ದಾರೆ. ನೌಕೆಗೇ ಜೀವ ಇದೆ. ಗೋಡೆಗಳಿಗೆ ಬಾಗಿಲಿಲ್ಲ, ಆ ಜೀವಿಗಳು ಮುಟ್ಟಿದರೆ ಮಾತ್ರ ತೆರೆದುಕೊಳ್ಳುತ್ತವೆ. ಲಿಲಿತ್ ಎಂಬ ಕರಿಯ ಹೆಂಗಸು ಅಂಥದ್ದೊಂದು ಕೋಣೆಯಲ್ಲಿ ಎಚ್ಚರವಾಗುತ್ತಾಳೆ. ಅವರು ಕ್ರೂರಿಗಳಲ್ಲ. ರೋಗ ವಾಸಿ ಮಾಡುತ್ತಾರೆ, ಊಟ ಕೊಡುತ್ತಾರೆ. ಅವಳು ಅವರ ಭಾಷೆ ಕಲಿಯಲು ಬರೆಯುವ ಸಾಮಾನು ಕೇಳುತ್ತಾಳೆ. ಕೊಡುವುದಿಲ್ಲ. ಅವಳ ದೇಹಕ್ಕೆ, ಮಿದುಳಿಗೆ ತಮಗೆ ಬೇಕಾದ ಬದಲಾವಣೆ ಮಾಡಿದ ಮೇಲೆಯೇ ಗೋಡೆಗಳು ಅವಳ ಕೈಗೆ ತೆರೆಯುತ್ತವೆ.

ಬರೆಯುವ ಸಾಮಾನು ಯಾಕೆ ಕೊಡಲಿಲ್ಲ ಅನ್ನುವುದು ಬಟ್ಲರಳ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಗುಲಾಮರಿಗೆ ಬರೆಯಲು ಕಲಿಸಬಾರದೆಂದು ದಕ್ಷಿಣ ಕೆರೊಲಿನಾದಲ್ಲಿ 1740ರಲ್ಲೇ ಕಾನೂನು ಮಾಡಿದ್ದರು. ನಮ್ಮ ಜನಕ್ಕೂ ಬಿಡಿಸಿ ಹೇಳಬೇಕಾಗಿಲ್ಲ. ದಯೆ ಬೇರೆ, ಹಕ್ಕು ಬೇರೆ. ಒಡೆಯ ಒಳ್ಳೆಯವನೋ ಕೆಟ್ಟವನೋ ಅನ್ನುವುದು ಪ್ರಶ್ನೆಯೇ ಅಲ್ಲ. ಗೋಡೆ ಯಾರ ಕೈಗೆ ತೆರೆಯುತ್ತದೆ ಅನ್ನುವುದು ಪ್ರಶ್ನೆ.

ಕೊನೆಗೆ, ನಾವು ಎದೆಗೆ ಒತ್ತಿಕೊಳ್ಳುವ ಪುಸ್ತಕ. ಸೋವಿಯತ್ ರಷ್ಯಾದ ಅಣ್ಣತಮ್ಮಂದಿರು ಅರ್ಕಾದಿ ಮತ್ತು ಬೊರಿಸ್ ಸ್ತ್ರುಗಾತ್ಸ್ಕಿ ಬರೆದ 'ರೋಡ್‌ಸೈಡ್ ಪಿಕ್ನಿಕ್'. 1972ರಲ್ಲಿ ಪತ್ರಿಕೆಯಲ್ಲಿ ಬಂತು. ಪುಸ್ತಕವಾಗಲು ಅಲ್ಲಿನ ಅಧಿಕಾರಿಗಳ ಕತ್ತರಿಯ ಜೊತೆ ವರ್ಷಗಟ್ಟಲೆ ಗುದ್ದಾಡಬೇಕಾಯಿತು, ಬಂದದ್ದು 1980ರಲ್ಲಿ. ದುಡಿಯುವವರ ಸರ್ಕಾರ ಅಂತ ಹೇಳಿಕೊಂಡವರಿಗೂ ಈ ಪುಸ್ತಕ ಗಂಟಲಲ್ಲಿ ಸಿಕ್ಕಿಕೊಂಡಿತು.

ಕತೆ ಇಷ್ಟು. ಅನ್ಯಲೋಕದವರು ಭೂಮಿಗೆ ಬಂದು ಹೋಗಿಬಿಟ್ಟಿದ್ದಾರೆ. ನಮ್ಮನ್ನು ಗೆಲ್ಲಲಿಲ್ಲ, ಕಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ರಸ್ತೆಬದಿ ಕೂತು ಬುತ್ತಿ ಉಂಡು ಎದ್ದು ಹೋದವರು ಬಿಟ್ಟ ಕಸದ ಹಾಗೆ ತಮ್ಮ ಕಸ ಬಿಟ್ಟು ಹೋಗಿದ್ದಾರೆ. ನಾವು ಆ ಕಸದ ನಡುವಿನ ಇರುವೆಗಳು ಅನ್ನುವುದು ಅದರಲ್ಲಿ ಬರುವ ಒಬ್ಬ ವಿಜ್ಞಾನಿಯ ಊಹೆ. ಕಸ ಬಿದ್ದ ಆ ಜಾಗಕ್ಕೆ 'ವಲಯ' ಅಂತ ಹೆಸರು. ಅಲ್ಲಿ ಎಂದೂ ಖಾಲಿಯಾಗದ ಬ್ಯಾಟರಿ ಸಿಗುತ್ತದೆ. ನಡುವೆ ಏನೂ ಇಲ್ಲದಿದ್ದರೂ ಒತ್ತಿದರೆ ಹತ್ತಿರ ಬರದ, ಎಳೆದರೆ ದೂರ ಹೋಗದ ಎರಡು ತಾಮ್ರದ ಬಿಲ್ಲೆಗಳು ಸಿಗುತ್ತವೆ. ಮೂಳೆಯನ್ನೇ ಕರಗಿಸಿಬಿಡುವ ಲೋಳೆಯೂ ಅಲ್ಲೇ ಇದೆ.

ಬ್ಯಾಟರಿಯಿಂದ ಕಾರು ಓಡಿಸುವವರು ಬೇರೆ, ವಲಯದೊಳಗೆ ತೆವಳಿ ಹೋಗಿ ಅದನ್ನು ಹೆಕ್ಕಿ ತರುವವರು ಬೇರೆ. ಹೆಕ್ಕುವವರನ್ನು 'ಸ್ಟಾಕರ್' ಅನ್ನುತ್ತಾರೆ. ರಾತ್ರಿ ಕಳ್ಳತನದಲ್ಲಿ ಹೋಗುತ್ತಾರೆ. ಸಿಕ್ಕಿಬಿದ್ದರೆ ಜೈಲು, ಕಾಲು ತಪ್ಪಿದರೆ ಸಾವು. ಒಬ್ಬ ಎರಡೂ ಕಾಲು ಕಳೆದುಕೊಳ್ಳುತ್ತಾನೆ. ಕಥಾನಾಯಕ ರೆಡ್ರಿಕ್‌ನ ಮಗು ಮೈತುಂಬ ಕೂದಲು ಹೊತ್ತು ಹುಟ್ಟುತ್ತದೆ, ದಿನ ಕಳೆದಂತೆ ಅದರ ಮಾತೂ ನಿಲ್ಲುತ್ತದೆ. ಅವನು ತಂದ ಮಾಲಿಗೆ ಕಾಸು ಕೊಡುವವರು ಹೋಟೆಲಿನಲ್ಲಿ ಕೂತು ಕಾಯುತ್ತಾರೆ. ಆ ಲೋಳೆಯೂ ಬೇಕು ಅನ್ನುತ್ತಾರೆ. ಯಾಕೆ ಅಂತ ಅವನಿಗೂ ಗೊತ್ತು.

ನೋಡಿ, ನಮ್ಮ ಮೂರು ಪ್ರಶ್ನೆಗೂ ಉತ್ತರ ಇಟ್ಟುಕೊಂಡು ಹುಟ್ಟಿದ ಪುಸ್ತಕ ಇದು. ಇಲ್ಲಿ ಅನ್ಯಲೋಕದ ತಂತ್ರಜ್ಞಾನ ದೇವರ ವರವೂ ಅಲ್ಲ, ರಾಕ್ಷಸನ ಆಯುಧವೂ ಅಲ್ಲ. ಉಂಡವರ ಎಂಜಲು. ಅದನ್ನು ಮುಟ್ಟಿ ಬಳಿಯುವವರಿಗೆ ಅಂಟಿಕೊಳ್ಳುವ ರೋಗ, ದೂರ ಕೂತು ಕೊಳ್ಳುವವರಿಗೆ ಬರುವ ಲಾಭ, ಎರಡನ್ನೂ ಒಂದೇ ಕತೆಯಲ್ಲಿ ಇಟ್ಟವರು ಇವರು. ಕೊನೆಯಲ್ಲಿ ಬಯಕೆ ಈಡೇರಿಸುತ್ತದೆಂದು ನಂಬಿದ ಚಿನ್ನದ ಗೋಳದ ಎದುರು ರೆಡ್ರಿಕ್ ನಿಲ್ಲುತ್ತಾನೆ. ಅಲ್ಲಿಗೆ ಮುಟ್ಟುವುದಕ್ಕೆ ಅವನೂ ಒಬ್ಬ ಹುಡುಗನನ್ನು ಬಲಿ ಕೊಟ್ಟೇ ಬಂದಿದ್ದಾನೆ. ಲೇಖಕರು ಅವನ ಪಾಪವನ್ನು ಮುಚ್ಚಿಡುವುದಿಲ್ಲ. ಏನು ಕೇಳಬೇಕು ಅಂತ ಅವನಿಗೇ ಗೊತ್ತಿಲ್ಲ. ತನ್ನ ಮಾತಿಲ್ಲದೆ ತಡವರಿಸುತ್ತಾನೆ. ಕಡೆಗೆ ಯಾರೂ ಹೊರಗುಳಿಯದ ಹಾಗೆ ಎಲ್ಲರಿಗೂ ಸುಖ ಸಿಗಲಿ ಅನ್ನುವ ಅರ್ಥದ ಮಾತು ಬಾಯಿಗೆ ಬರುತ್ತದೆ. ಅದೂ ಸತ್ತ ಹುಡುಗನ ಬಾಯಿಂದ ಎರವಲು ಪಡೆದದ್ದು. ಸ್ವಂತ ಭಾಷೆ ಇಲ್ಲ ಅಂತ ಲವ್‌ಕ್ರಾಫ್ಟ್ ಷೋಗತ್‌ಗೆ ಉಗಿದಿದ್ದ. ಅದೇ ಭಾಷೆ ಇಲ್ಲದವನ ಬಾಯಲ್ಲಿ ಸ್ತ್ರುಗಾತ್ಸ್ಕಿ ಸಹೋದರರು ಇಡೀ ಲೋಕದ ಬಯಕೆ ಇಟ್ಟರು.

ನಮ್ಮನ್ನು ಯಂತ್ರದ್ವೇಷಿಗಳು ಅಂತ ತಪ್ಪು ತಿಳಿಯಬೇಡಿ. ಬಾಬಾಸಾಹೇಬರು 1945ರಲ್ಲಿ ಗಾಂಧಿವಾದವನ್ನು ಖಂಡಿಸುತ್ತ ಯಂತ್ರದ ಪರವಾಗಿಯೇ ವಾದಿಸಿದರು. ಮನುಷ್ಯನನ್ನು ಪಶುವಿನ ದುಡಿಮೆಯಿಂದ ಬಿಡಿಸುವುದು ಯಂತ್ರ. ತಪ್ಪು ಯಂತ್ರದ್ದಲ್ಲ, ಅದರ ಫಲವನ್ನು ಕೆಲವರ ಕೈಗೆ ಕೊಟ್ಟ ಸಮಾಜ ವ್ಯವಸ್ಥೆಯದ್ದು ಅಂದರು. ನಾವೂ ಅದನ್ನೇ ಹೇಳುತ್ತಿದ್ದೇವೆ. ಯಂತ್ರಕ್ಕೆ ಜಾತಿ ಇಲ್ಲ ನಿಜ. ಯಂತ್ರದ ಬಾಗಿಲಿಗೆ ಇದೆ. ಈ ದೇಶದಲ್ಲಿ ಮಲ ಬಾಚಿಸುವುದನ್ನು ನಿಷೇಧಿಸುವ ಎರಡನೇ ಕಾನೂನು ಬಂದದ್ದು 2013ರಲ್ಲಿ. ಮಂಗಳಗ್ರಹಕ್ಕೆ ನೌಕೆ ಹಾರಿಸಿದ್ದೂ ಅದೇ 2013ರಲ್ಲಿ. ನೌಕೆ ಮುಟ್ಟಿತು. ಮ್ಯಾನ್‌ಹೋಲಿನಲ್ಲಿ ಸಾಯುವುದು ಇನ್ನೂ ನಿಂತಿಲ್ಲ. ವೆಲ್ಸನ ಮಂಗಳದವರು ಇಷ್ಟು ದೂರದಿಂದ ಬಂದರು. ನಾವು ಅಷ್ಟು ದೂರ ಹೋದೆವು. ಮೂರಾಳು ಆಳದ ಗುಂಡಿಗೆ ಇಳಿಸಲು ಮಾತ್ರ ಯಂತ್ರ ಸಿಗಲಿಲ್ಲ, ಮನುಷ್ಯ ಸಿಕ್ಕ.

ಆದ್ದರಿಂದ ಈ ಕಾದಂಬರಿಗಳನ್ನು ಓದಿ ಅಂತಲೇ ನಾವು ಹೇಳುತ್ತೇವೆ. ಬೆರಗಾಗಿ ಬಾಯಿಬಿಟ್ಟು ಓದಬೇಡಿ. ಉರುಳೆಯ ಉದ್ದ, ಕಿರಣದ ಶಾಖ ಇವುಗಳ ಲೆಕ್ಕ ಹಾಕುವ ಜೊತೆಗೆ ಹಿತ್ತಲ ಬಾಗಿಲು ಎಲ್ಲಿದೆ ಅಂತಲೂ ಹುಡುಕಿ. ನಮ್ಮ ಕೇರಿಯ ಹುಡುಗರು, ಹುಡುಗಿಯರು ಇಂಥ ಕತೆಗಳನ್ನು ತಾವೇ ಬರೆಯಲಿ. ಷೋಗತ್ ಹೇಳುವ ಕತೆ ಬರಲಿ. ಬಯೊಟ್ ಸಮುದ್ರಕ್ಕೆ ಬೀಳಲು ಒಲ್ಲೆ ಅನ್ನುವ ಕತೆ ಬರಲಿ. ಸಿಂಪ್ ತಟ್ಟೆ ಕೆಳಗಿಟ್ಟು ಕಮಾಂಡರನ ಮುಖ ನೋಡುವ ಕತೆ ಬರಲಿ.

ನಾಳೆ ನಿಜವಾಗಿಯೇ ಒಂದು ನೌಕೆ ಬಂದು ಇಳಿಯಬಹುದು. ಇಳಿಯಲಿ. ಪಂಡಿತರು ಹಾರ ಹಿಡಿದು ಓಡುತ್ತಾರೆ, ವ್ಯಾಪಾರಿಗಳು ಚೆಕ್ಕು ಹಿಡಿದು ಓಡುತ್ತಾರೆ, ದಂಡಿನವರು ಬಂದೂಕು ಹಿಡಿದು ಓಡುತ್ತಾರೆ. ನಾವು ಕೈಮುಗಿಯುವುದೂ ಇಲ್ಲ, ಕಲ್ಲು ಎಸೆಯುವುದೂ ಇಲ್ಲ. ಒಂದೇ ಮಾತು ಕೇಳುತ್ತೇವೆ: ನಿಮ್ಮ ನೌಕೆಯಲ್ಲಿ ಕಸ ಗುಡಿಸುವವರು ಯಾರು? ಅವರನ್ನು ಮೊದಲು ಕೆಳಗೆ ಇಳಿಸಿ. ನಾವು ಮಾತಾಡುವುದು ಅವರ ಜೊತೆ.